ಏಳನೇ ಸ್ಲ್ಯಾಬಿನ ಮೇಲಿಂದ ಕೂಗಿದ ಮಾತು

ಆಗ ನನಗೆ ಮೂವತ್ತೆಂಟು ವರ್ಷ. ಅದಾಗಿ ನಲವತ್ತೆರಡು ವರ್ಷ ಕಳೆಯಿತು. ಈ ಲೆಕ್ಕ ನನ್ನದಲ್ಲ, ಮೊಮ್ಮಗಳದು. ಆ ವರ್ಷ ಅವಳು ಎಂಟು ತಿಂಗಳ ಕೂಸು. ಅವಳನ್ನು ಎತ್ತಿಕೊಳ್ಳಲಿಕ್ಕೆಂದೇ ನಾನು ಪುಣೆಗೆ ಹೋದದ್ದು, ಹಾಗಾಗಿ ಲೆಕ್ಕ ತಪ್ಪಿರಲಾರದು.

ಊರೂರು ಸುತ್ತಿದವರು ಬರೆಯುತ್ತಾರೆ. ನಾನು ನೋಡಿದ್ದು ಒಂದೇ ಊರು, ಆ ಊರಲ್ಲಿ ಒಂದೇ ಕಟ್ಟಡ. ಆದರೆ ಅದನ್ನು ಬುಡದಿಂದ ತುದಿಯವರೆಗೆ ನೋಡಿದ್ದೇನೆ. ಪುಣೆ ಪರದೇಶವಲ್ಲ ಎಂದು ಓದಿದವರು ಹೇಳಬಹುದು. ಕೈಸನ್ನೆ ಮಾಡಿ ದಾರಿ ಕೇಳಬೇಕಾದ ಊರು ನನಗೆ ಪರದೇಶವೇ. ನಾನು ಅಕ್ಷರ ಕಲಿತದ್ದು ತಲೆ ನೆರೆತ ಮೇಲೆ. ಒತ್ತಕ್ಷರಗಳನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತುಗಳನ್ನು ತಿದ್ದಲು ಬಿಟ್ಟಿಲ್ಲ.

ಯಾದಗಿರಿಯಿಂದ ದೌಂಡ್

ಮಗಳು ಯಂಕವ್ವ, ಗಂಡ ಮಾನಪ್ಪನ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿ ಮೂರು ವರ್ಷವಾಗಿತ್ತು. ಒಂದು ದಿನ ಅವಳು ಯಾರಿಂದಲೋ ಬರೆಸಿದ ಕಾಗದ ಬಂತು. ಕುತ್ತಿಗೆಯ ನರ ಹಿಡಿದಿದೆ, ತಲೆಯ ಮೇಲೆ ಬುಟ್ಟಿ ಇಟ್ಟರೆ ಬಲಗೈ ಜೋಮು ಹಿಡಿದು ಸತ್ತಂತಾಗುತ್ತದೆ. ಬುಟ್ಟಿ ಹೊರುವುದು ಇನ್ನು ಆಗದು. ಮುಕಾದಮ ಬೇರೆ ಕೆಲಸ ಕೊಟ್ಟಿದ್ದಾನೆ, ಕಟ್ಟಡದ ತುದಿಯಲ್ಲಿ ನಿಂತು ಕೂಗುವುದು. ಅದೂ ಹೋದರೆ ಊರಿಗೆ ಬರಬೇಕಾದೀತು. ಸ್ಲ್ಯಾಬ್ ಹಾಕುವ ದಿನ ಹತ್ತಿರ ಬಂದಿದೆ, ಕೂಸು ಹಿಡಿಯುವವರಿಲ್ಲ, ಬಾ.

ಕಾಗದ ಓದಿದ ಮಾಸ್ತರನನ್ನು ನಾನು ಕೇಳಿದೆ, "ಕೂಗೂದಕ್ಕ ಪಗಾರ ಕೊಡ್ತಾರೇನ್ರಿ?"

"ಹಂಗಂತನ ಬರಸ್ಯಾಳವ್ವ."

"ಹಂಗಾದ್ರ ನಮ್ಮ ಓಣ್ಯಾಗಿನ ಹೆಂಗಸರೆಲ್ಲಾ ಇಷ್ಟೊತ್ತಿಗೆ ಸಾವಕಾರ್ತ್ಯಾರು ಆಗಬೇಕಿತ್ತಲ್ರಿ."

ಮಾಸ್ತರ ನಕ್ಕ. ನಾನು ನಗಲಿಲ್ಲ. ಊರಿಗೆ ಬಂದರೆ ಅವಳಿಗೆ ಏನಿದೆ? ನಮ್ಮಲ್ಲಿ ಭಾರ ಹೊರದೆ ಮಾಡುವ ಕೆಲಸ ಯಾವುದೂ ಇಲ್ಲ. ನೀರು ತರುವುದೂ ತಲೆಯ ಮೇಲೆಯೇ.

ರೈಲಿನಲ್ಲಿ ನನ್ನೆದುರು ಸೋಲಾಪುರದ ಒಬ್ಬ ಹೆಂಗಸು ಕುಳಿತಳು. ನಾನು ರೊಟ್ಟಿ ಗಂಟು ಬಿಚ್ಚಿದೆ, ಅವಳೂ ಬಿಚ್ಚಿದಳು. ಇಬ್ಬರದೂ ಜೋಳದ ರೊಟ್ಟಿ. ನನ್ನದು ಕಟಕಟ ಮುರಿಯುವಂಥದ್ದು, ಅವಳದು ಬಟ್ಟೆಯ ಹಾಗೆ ಮೆತ್ತಗೆ. ನನ್ನ ರೊಟ್ಟಿ ಮುರಿದ ಸದ್ದಿಗೆ ಅವಳು ಹಲ್ಲು ತೋರಿಸಿ, ಈ ಹಲ್ಲಿಗೆ ಅದು ನಡೆಯದು ಎಂದು ಸನ್ನೆ ಮಾಡಿದಳು. ನನ್ನ ಶೇಂಗಾ ಹಿಂಡಿಯನ್ನು ಮಾತ್ರ ಮೂರು ಸಲ ಇಸಿದುಕೊಂಡಳು.

ದೌಂಡಿನಲ್ಲಿ ಚೊಂಬು ಹಿಡಿದು ನಲ್ಲಿಗೆ ಇಳಿದೆ. ನೀರು ಅರ್ಧ ತುಂಬುವಷ್ಟರಲ್ಲಿ ಗಾಡಿ ಜಗ್ಗಿತು. ನಾನು ಕೂಗಿದ ಕೂಗಿಗೆ ಪ್ಲಾಟ್‌ಫಾರ್ಮಿನ ಹಮಾಲರೆಲ್ಲ ತಿರುಗಿ ನೋಡಿದರು. ಗಾಡಿ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಿತು, ಅಷ್ಟೇ. ಸೋಲಾಪುರದವಳು ಕಿಟಕಿಯಿಂದ ಕೈ ಚಾಚಿ ಚೊಂಬು ಇಸಿದುಕೊಂಡು ನನ್ನನ್ನು ನೋಡಿ ಕಿವಿ ಮುಚ್ಚಿಕೊಂಡಳು.

ಪುಣೆ ಸ್ಟೇಷನ್

ಇಳಿದ ಕೂಡಲೇ ಹಮಾಲನೊಬ್ಬ "ಓ ಬಾಯೀ" ಎಂದ. ಟಾಂಗಾದವನು "ಬಾಯೀ, ಬಾಯೀ" ಎಂದ. ದಾರಿ ಬಿಡು ಎನ್ನುವ ಪೊಲೀಸನೂ "ಬಾಯೀ" ಎಂದೇ ಗದರಿಸಿದ. ದೌಂಡಿನಲ್ಲಿ ನಾನು ಬಾಯಿ ಮಾಡಿದ್ದು ಇಷ್ಟು ಬೇಗ ಇಲ್ಲಿಗೆ ಮುಟ್ಟಿತೇ ಎಂದುಕೊಂಡೆ. ಅಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆಯೇ ಎಂದು ಮಾನಪ್ಪ ಬಂದ ಮೇಲೆ ಹೇಳಿದ.

ಅಳಿಯ ನನ್ನನ್ನು ಚಹಾಕ್ಕೆ ಕರೆದೊಯ್ದ ಹೋಟೆಲಿನವರು ಉಡುಪಿ ಕಡೆಯವರು. ಗಲ್ಲೆಯ ಮೇಲೆ ಕುಳಿತ ದಣಿ "ಬನ್ನಿ, ಕೂತ್ಕೊಳ್ಳಿ, ಎಂತ ಬೇಕು?" ಎಂದ. ಕನ್ನಡವೇ. ಆದರೆ ಪುಸ್ತಕ ಓದಿದಂತೆ ಮಾತಾಡುತ್ತಿದ್ದ. "ಎಂತ ಅಂದ್ರ ಏನ್ ಕೇಳ್ತಾನ?" ಎಂದು ನಾನು ಅಳಿಯನನ್ನು ಕೇಳಿದೆ. ದಣಿಗೂ ನನ್ನ ಮಾತು ತಿಳಿಯಲಿಲ್ಲ. ಕೊನೆಗೆ ಇಬ್ಬರು ಕನ್ನಡದವರ ನಡುವೆ ಅಳಿಯ ನಿಂತು ಮಾತು ದಾಟಿಸಿದ. ಚಹಾ ಮಾತ್ರ ಚೆನ್ನಾಗಿತ್ತು.

ತಗಡಿನ ಓಣಿ

ಕಟ್ಟಡ ಖಡಕಿಗೆ ಹೋಗುವ ರಸ್ತೆಯಲ್ಲಿತ್ತು. ಅದರ ಹಿಂದೆ ತಗಡಿನ ಮನೆಗಳ ಸಾಲು. ಅಲ್ಲಿಗೆ ಕಾಲಿಟ್ಟರೆ ಯಾದಗಿರಿ. ಒಬ್ಬಳು ರೊಟ್ಟಿ ಬಡಿಯುತ್ತಿದ್ದಳು, ಇನ್ನೊಬ್ಬಳು ಗಂಡನನ್ನು ನಮ್ಮ ಭಾಷೆಯಲ್ಲಿ ಬೈಯುತ್ತಿದ್ದಳು. ನೂರು ಹೆಜ್ಜೆ ದಾಟಿ ರಸ್ತೆಗೆ ಬಂದರೆ ಅದೇ ಹೆಂಗಸರು ಅಂಗಡಿಯವನ ಜೊತೆ ಮರಾಠಿಯಲ್ಲಿ ಜಗಳಾಡುತ್ತಿದ್ದರು. ಊರಲ್ಲಿದ್ದಾಗ ಬಾಯಿ ಬಿಡದಿದ್ದ ಹುಡುಗಿಯರು ಎರಡು ಭಾಷೆಯಲ್ಲಿ ಜಗಳ ಕಲಿತದ್ದು ನೋಡಿ ನನಗೆ ಖುಷಿಯಾಯಿತು.

ನಮ್ಮವರ ಗುಂಪಿನ ಮುಖಂಡ ಸಾಬಣ್ಣ. ಅವನಿಗೆ ಅಲ್ಲಿ ಮುಕಾದಮ ಎನ್ನುತ್ತಾರೆ. ಇಂಜಿನಿಯರ್ ಸಾಹೇಬನ ಮರಾಠಿಯನ್ನು ಕನ್ನಡ ಮಾಡಿ ನಮ್ಮವರಿಗೆ ಹೇಳುವುದು, ನಮ್ಮವರ ಬೈಗುಳವನ್ನು ಮೆತ್ತಗೆ ಮಾಡಿ ಸಾಹೇಬನಿಗೆ ಹೇಳುವುದು ಅವನ ಕೆಲಸ. ನನ್ನನ್ನು ನೋಡಿ "ಯಕ್ಕಾ, ಯಾವಾಗ ಬಂದ್ಯವ್ವ?" ಎಂದು ಕೇಳಿದ. ಆಮೇಲೆ ಯಂಕವ್ವನ ವಿಷಯ ಎತ್ತಿದ.

"ಮೇಲಿನ ಕೂಗಿಗೆ ಯಾವಾಗಲೂ ಗಂಡಸರನ್ನ ನಿಂದರಸ್ತಿದ್ದಿವಿ. ಈಕೀ ಗಂಟಲಾ ದೊಡ್ಡದು ಅಂತ ನಾ ಹಟಾ ಹಿಡದು ಸಾಹೇಬರನ್ನ ಒಪ್ಪಿಸೀನಿ. ಒಂದು ತಪ್ಪಾತಂದ್ರ ನನ್ನ ಮೂಗು ಹೋಗ್ತದ, ಆಕೀ ಜಾಗಾ ಹೋಗ್ತದ."

"ಗಂಟಲಾ ನನ್ನ ಕಡಿಂದ ಬಂದದ್ದು, ಹೆದರಬ್ಯಾಡ" ಎಂದೆ. ಈಗ ನೆನೆದರೆ ಆ ಮಾತು ಆಡಬಾರದಿತ್ತು.

ಕಟ್ಟಡದ ಬುಡ

ಸ್ಲ್ಯಾಬಿನ ಹಿಂದಿನ ದಿನ ಕೂಸನ್ನು ಬಗಲಲ್ಲಿಟ್ಟುಕೊಂಡು ಎಲ್ಲ ನೋಡಿದೆ. ಸಿಮೆಂಟು, ಮರಳು, ಜಲ್ಲಿ, ನೀರು ಕಲಸಿದ್ದಕ್ಕೆ ಅವರು ಮಾಲು ಎನ್ನುತ್ತಾರೆ. ಅದನ್ನು ಕಲಸುವ ಮಿಕ್ಸರು ನೆಲದ ಮೇಲೆ. ಮಾನಪ್ಪನ ಕೆಲಸ ಅಲ್ಲಿ. ಮಾಲು ಬೀಳಬೇಕಾದದ್ದು ಏಳನೇ ಸ್ಲ್ಯಾಬಿನಲ್ಲಿ. ನಡುವೆ ಬರೀ ಗಾಳಿ.

ಮೊದಲೆಲ್ಲ ಈ ಮಾಲು ಹೆಂಗಸರ ತಲೆಯ ಮೇಲೆಯೇ ಏರುತ್ತಿತ್ತು. ಕಬ್ಬಿಣದ ಬುಟ್ಟಿಗೆ ಅಲ್ಲಿ ಘಮೇಲಾ ಎನ್ನುತ್ತಾರೆ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಘಮೇಲಾ, ಕಾಲ ಕೆಳಗೆ ಬೊಂಬು ಕಟ್ಟಿದ ಹಲಗೆ. ಯಂಕವ್ವನ ಕುತ್ತಿಗೆ ಹೋದದ್ದು ಹೀಗೆ. ಈ ಕಟ್ಟಡಕ್ಕೆ ಮಾತ್ರ ಹೊರಗೆ ಕಬ್ಬಿಣದ ಕಂಬಗಳ ಒಂದು ಗೋಪುರ ನಿಲ್ಲಿಸಿದ್ದರು. ಒಳಗೆ ಒಂದು ದೊಡ್ಡ ಬಕೆಟ್ಟು. ತಂತಿಯ ಹಗ್ಗ ತುದಿಯ ಗಾಲಿಯ ಮೇಲೆ ಹಾದು ಕೆಳಗಿನ ಮಷಿನಿಗೆ ಬರುತ್ತಿತ್ತು. ಮಾಲು ತುಂಬಿದ ಬಕೆಟ್ಟು ಏಳು ಮಹಡಿ ಏರಿ, ತುದಿಯಲ್ಲಿ ತಾನೇ ಬಾಗಿ, ತಗಡಿನ ಮೇಲೆ ಮಾಲು ಸುರಿಯುತ್ತಿತ್ತು. ಅಲ್ಲಿಂದ ಹೆಂಗಸರು ಘಮೇಲಾ ತುಂಬಿಕೊಂಡು ನಾಲ್ಕು ಹೆಜ್ಜೆ ನಡೆದರೆ ಆಯಿತು. ಏಳು ಮಹಡಿ ಏರುವ ಜಾಗದಲ್ಲಿ ನಾಲ್ಕು ಹೆಜ್ಜೆ! ಇದನ್ನು ಮಾಡಿದವನ ತಾಯಿ ಬುಟ್ಟಿ ಹೊತ್ತಿರಬೇಕು ಎನಿಸಿತು.

ಮಷಿನು ನಡೆಸುವವನು ದಗಡೂ, ಸಾಸವಡದ ಮರಾಠಿಯವನು. ನರೆತ ಮೀಸೆ, ಬಿಳಿ ಟೊಪ್ಪಿಗೆ. ಅವನು ಕುಳಿತ ಜಾಗದಿಂದ ತುದಿ ಕಾಣುವುದಿಲ್ಲ, ಮೇಲೆ ತಗಡಿನ ನೆರಳು. ಹಗ್ಗಕ್ಕೆ ಮಹಡಿಗೊಂದರಂತೆ ಕೆಂಪು ಚಿಂದಿ ಕಟ್ಟಿದ್ದ. ಏಳನೇ ಚಿಂದಿ ಕೈಯ ಹತ್ತಿರ ಬರುತ್ತಲೇ ಹಿಡಿಕೆ ಒತ್ತಿದರೆ ಬಕೆಟ್ಟು ಏಳನೇ ಸ್ಲ್ಯಾಬಿನಲ್ಲಿ ನಿಲ್ಲುತ್ತಿತ್ತು. ಒಲೆಯ ಮೇಲೆ ತುಂಬಿದ ಗಡಿಗೆ ಇಡುವಷ್ಟು ಮೆತ್ತಗೆ. ಕಣ್ಣಿಗೆ ಕಾಣದ ವಸ್ತುವನ್ನು ಅಷ್ಟು ನಾಜೂಕಾಗಿ ನಿಲ್ಲಿಸುವ ಕೈಯನ್ನು ನಾನು ಮತ್ತೆ ನೋಡಿಲ್ಲ. ಮೇಲೇರಿಸಲು ಅವನಿಗೆ ಚಿಂದಿ ಇತ್ತು. ಇಳಿಸಲು ಮಾತ್ರ ಮೇಲಿನವರ ಕೂಗು ಬೇಕು. ಸುರಿದಾಯಿತು, ಇಳಿಸು ಎಂದು ಯಾರಾದರೂ ಹೇಳಬೇಕು. ಅದೇ ನನ್ನ ಮಗಳ ಕೆಲಸ.

ಏಳನೇ ಸ್ಲ್ಯಾಬು

ಬೆಳಗಿನಿಂದ ಮಿಕ್ಸರು ತಿರುಗಿತು. ಬಕೆಟ್ಟು ಹೋಗುವುದು, "ಖಾಲೀ..." ಎಂದು ಯಂಕವ್ವನ ಕೂಗು, ಬಕೆಟ್ಟು ಬರುವುದು. ನಾನು ಕೆಳಗೆ ಕೂಸಿನ ಜೊತೆ. ಅವಳ ದನಿ ಅಷ್ಟು ಎತ್ತರದಿಂದ ಬೀಳುವಾಗ ಎದೆ ತುಂಬಿ ಬಂತು ಎಂದೆಲ್ಲ ನಾನು ಬರೆಯುವುದಿಲ್ಲ. ಚೆನ್ನಾಗಿ ಕೇಳಿಸುತ್ತಿತ್ತು, ಅಷ್ಟು ಸಾಕು.

ಮಧ್ಯಾಹ್ನ ಕೂಸು ಹಸಿದು ಚೀರತೊಡಗಿತು. ಮೇಕೆ ಹಾಲು ಕುಡಿಸಿದರೆ ಉಗುಳಿತು. ಸ್ಲ್ಯಾಬಿನ ದಿನ ಕೆಲಸ ನಿಲ್ಲುವುದಿಲ್ಲ, ಅವಳು ಇಳಿಯುವಂತಿಲ್ಲ. ನಾನೇ ಹೊತ್ತುಕೊಂಡು ಹತ್ತಿದೆ. ಆರು ಮಹಡಿ ಮೆಟ್ಟಿಲು, ಕೈ ಹಿಡಿಯಲು ಗೋಡೆಯಿಲ್ಲ. ಅಲ್ಲಿಂದ ಮೇಲಕ್ಕೆ ಹಲಗೆ. ತುದಿಗೆ ಬಂದರೆ ಪುಣೆಯೆಲ್ಲ ಕಾಲ ಕೆಳಗೆ. ಅರ್ಧ ಸ್ಲ್ಯಾಬು ಹಸಿಹಸಿ ಮಾಲಿನಿಂದ ತುಂಬಿತ್ತು, ಇನ್ನರ್ಧ ಬರೀ ಕಬ್ಬಿಣದ ಸರಳು. ಹೆಂಗಸರು ಸರಳಿನ ಮೇಲೆ ಹಾಕಿದ ಹಲಗೆಯ ಮೇಲೆ ಓಡುತ್ತಿದ್ದರು. ಒಬ್ಬಳ ಸೀರೆ ಇನ್ನೊಬ್ಬಳಿಗೆ ತಾಗುತ್ತಿರಲಿಲ್ಲ.

ಯಂಕವ್ವ ಕೂಸನ್ನು ಕಸಿದುಕೊಂಡಳು. ಕುಪ್ಪಸ ಹಾಲಿನಿಂದ ತೊಯ್ದಿತ್ತು. "ಅವ್ವಾ, ನೀ ಇಲ್ಲಿ ನಿಂದ್ರು. ಬಕೆಟ್ ಸುರುವಿದ ಮ್ಯಾಲ ಖಾಲೀ ಅಂತ ಒದರು. ಅಷ್ಟ. ಅರ್ಧಾ ತಾಸು ಬ್ಯಾಡ, ಚಿಟಿಕ್ಯಾಗ ಬರ್ತೀನಿ" ಎಂದು ಕಂಬದ ಮರೆಗೆ ಹೋದಳು.

ಇದರಲ್ಲಿ ಏನಿದೆ? ಬಕೆಟ್ಟು ಸುರಿದರೆ ಖಾಲಿ ಆಗುತ್ತದೆ, ಖಾಲಿ ಆದದ್ದನ್ನು ಖಾಲಿ ಎಂದು ಹೇಳಬೇಕು. ಮೂರು ಬಕೆಟ್ಟು ಹಾಗೆ ಕಳಿಸಿದೆ. ದೌಂಡ್ ಸ್ಟೇಷನ್ ನಿಲ್ಲಿಸಿದ ಗಂಟಲು ನನ್ನದು.

ನಾಲ್ಕನೆಯದು ಬಂತು. ಬಾಗಿತು. ಆದರೆ ಈ ಸಲದ ಮಾಲು ಗಟ್ಟಿ. ಅರ್ಧ ಬಿತ್ತು, ಅರ್ಧ ಬಕೆಟ್ಟಿಗೇ ಅಂಟಿಕೊಂಡಿತು. ಒಬ್ಬ ಆಳು ಸಲಿಕೆ ಒಳಗೆ ಹಾಕಿ ಕೆರೆಯತೊಡಗಿದ. ತಡವಾಯಿತೆಂದು ಕೆಳಗಿನಿಂದ ದಗಡೂ ಕೂಗಿ ಕೇಳಿದ, "ಖಾಲೀ?"

ಖಾಲಿ ಆಯಿತೇ ಎಂದು ಕೇಳುತ್ತಿದ್ದಾನೆ. ಆಗಿಲ್ಲ. ನಾನು ಸುಳ್ಳು ಹೇಳುವವಳಲ್ಲ. ಬಾಯಿಗೆ ಎರಡು ಕೈ ಹಚ್ಚಿ, ಇದ್ದಷ್ಟು ಉಸಿರು ಹಾಕಿ ಒದರಿದೆ, "ಖಾಲಿ ಅಲ್ಲಾ..! ಖಾಲಿ ಅಲ್ಲಾ..!"

ಬಕೆಟ್ಟು ಸರ್ರನೆ ಕೆಳಗೆ ಇಳಿಯಿತು.

ಸಲಿಕೆ ಆಳಿನ ಕೈಯಿಂದ ಕಿತ್ತುಕೊಂಡು ಹೋಯಿತು. ಅವನು ಹಿಂದಕ್ಕೆ ಬಿದ್ದದ್ದೇ ಅವನ ಪುಣ್ಯ. ಸಲಿಕೆ ಬಕೆಟ್ಟಿಗೂ ಕಂಬಕ್ಕೂ ನಡುವೆ ಸಿಕ್ಕಿ, ಬಕೆಟ್ಟು ಸೊಟ್ಟಗಾಗಿ ಐದನೇ ಮಹಡಿಯ ಹತ್ತಿರ ಕಚ್ಚಿಕೊಂಡಿತು. ಹಗ್ಗ ಸಡಿಲಾಗಿ ಮೇಲಿನ ಗಾಲಿಯಿಂದ ಹಾರಿತು. ಸಲಿಕೆ ಮಾತ್ರ ಕಳಚಿಕೊಂಡು ಕೆಳಗಿನವರೆಗೆ ಹೋಗಿ ದಗಡೂನಿಂದ ಒಂದು ಮಾರು ದೂರದಲ್ಲಿ ನೆಲಕ್ಕೆ ನಾಟಿತು.

ಯಂಕವ್ವ ಓಡಿ ಬಂದು ಕೂಸನ್ನು ನನ್ನ ಕೈಗೆ ತುರುಕಿ ತನ್ನ ಜಾಗದಲ್ಲಿ ನಿಂತಳು. ಇಂಜಿನಿಯರ್ ಸಾಹೇಬ ಏದುಸಿರು ಬಿಡುತ್ತ ಹತ್ತಿ ಬಂದ. ಇನ್ನೂ ಮೀಸೆ ಸರಿಯಾಗಿ ಬಾರದ ಮನುಷ್ಯ, ಮುಖ ಕೆಂಪಗೆ. ಬಂದವನೇ, "ಕೋಣ? ಕೋಣ?" ಎಂದು ಅರಚಿದ.

ನನ್ನ ಮಗಳನ್ನು ಕೋಣ ಎನ್ನುವುದೇ! ನಾನು ಬಾಯಿ ತೆರೆದೆ. ಯಂಕವ್ವ ನನ್ನ ತೋಳು ಚಿವುಟಿ, "ಯಾರು ಅಂತ ಕೇಳ್ಲಾಕತ್ಯಾರ, ಸುಮ್ಕಿರು" ಎಂದು ಪಿಸುಗುಟ್ಟಿ, ಒಂದು ಹೆಜ್ಜೆ ಮುಂದೆ ಹೋಗಿ ತಲೆ ತಗ್ಗಿಸಿದಳು. ನಾನೇ ಎಂದೂ ಹೇಳಲಿಲ್ಲ, ನಾನಲ್ಲ ಎಂದೂ ಹೇಳಲಿಲ್ಲ. ನಾನು ಕೂಸು ಹಿಡಿದು ಸುಮ್ಮನೆ ನಿಂತೆ. ನನ್ನ ಜೀವನದಲ್ಲಿ ಬಾಯಿ ಮುಚ್ಚಿಕೊಂಡದ್ದಕ್ಕೆ ನಾಚಿದ್ದು ಅದೊಂದೇ ಸಲ.

ಮೆಟ್ಟಿಲು

ಬೈಯಲು ಸಾಹೇಬನಿಗೆ ಪುರಸೊತ್ತಿರಲಿಲ್ಲ. ಅರ್ಧ ಸ್ಲ್ಯಾಬು ಬಾಕಿ. ಸಾಬಣ್ಣ ಓಡುತ್ತಲೇ ನನಗೆ ಹೇಳಿದ, "ಹಸೀ ಮ್ಯಾಲ ಹಸೀ ಬಿದ್ರ ಒಂದಾಗ್ತದ ಯಕ್ಕಾ. ಅಂಚು ಒಣಗಿತಂದ್ರ ಮುಗೀತು, ಅಲ್ಲೇ ಸೀಳು ಬಿಡ್ತದ." ನಮ್ಮೂರ ಮಣ್ಣಿನ ಗೋಡೆ ಇದಕ್ಕೆ ತದ್ವಿರುದ್ಧ. ಒಂದು ವರಸೆ ಒಣಗದೆ ಇನ್ನೊಂದು ಇಡುವಂತಿಲ್ಲ. ಇಲ್ಲಿ ಒಣಗಿದರೆ ಕೆಟ್ಟಿತು.

ಆಮೇಲೆ ನಾನು ನೋಡಿದ್ದನ್ನು ನೋಡಲು ಪುಣೆಗೆ ಹೋದದ್ದು ಸಾರ್ಥಕ. ಸಾಬಣ್ಣ ಸಿಳ್ಳೆ ಹೊಡೆದ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಹೆಂಗಸರು ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿ ಮೆಟ್ಟಿಲ ಮೇಲೆ ನಿಂತರು. ನೆಲದಿಂದ ತುದಿಯವರೆಗೆ ಒಂದು ಸರ. ಪಕ್ಕದ ಕಟ್ಟಡದ ಮರಾಠಿ ಹೆಂಗಸರು ಕರೆಯದೆ ಬಂದು ನಡುವೆ ಖಾಲಿ ಬಿದ್ದ ಮೆಟ್ಟಿಲುಗಳಲ್ಲಿ ನಿಂತುಕೊಂಡರು. ಕೂಸನ್ನು ಸಾಬಣ್ಣನ ಹೆಂಡತಿಯ ಮಡಿಲಿಗೆ ಹಾಕಿ ನಾನು ಮೂರನೇ ಮಹಡಿಯಲ್ಲಿ ನಿಂತೆ.

ಮೊದಲ ಘಮೇಲಾ ಬಂತು. ಕೆಳಗಿನವಳು ಕೊಟ್ಟಳು, ನಾನು ಹಿಡಿದೆ, ತಿರುಗಿದೆ, ಮೇಲಿನವಳು ಹಿಡಿಯುವ ಮೊದಲೇ ಬಿಟ್ಟೆ. ಮಾಲೆಲ್ಲ ಅವಳ ಪಾದದ ಮೇಲೆ. ಅವಳು ಮರಾಠಿಯ ಮುದುಕಿ, ಹಣೆಯ ಮೇಲೆ ದೊಡ್ಡ ಹಚ್ಚೆ. ಬೈಯಲಿಲ್ಲ. ತನ್ನ ಕಣ್ಣಿಗೆ ಬೆರಳು ತೋರಿಸಿ ಬೇಡ ಎಂದು ತಲೆಯಾಡಿಸಿದಳು. ಮೊಣಕೈಗೆ ಬೆರಳು ತೋರಿಸಿ ಹೌದು ಎಂದಳು. ಮುಖ ನೋಡಬೇಡ, ಮೊಣಕೈ ನೋಡು. ಹಿಡಿತ ಬಿಗಿಯಾದರೆ ಮೊಣಕೈ ಮಡಚುತ್ತದೆ, ಆಗ ಬಿಡು. ಮಾತು ಬಾರದವಳು ಒಂದು ಕ್ಷಣದಲ್ಲಿ ಕಲಿಸಿದ್ದನ್ನು ಮಾತು ಬರುವವರು ದಿನವಿಡೀ ಹೇಳಿದರೂ ಕಲಿಸುವುದಿಲ್ಲ.

ಆಮೇಲೆ ಒಂದೂ ಬೀಳಲಿಲ್ಲ. ತುಂಬಿದ್ದು ಬಲಗಡೆಯಿಂದ ಏರುವುದು, ಬರಿದಾದದ್ದು ಎಡಗಡೆಯಿಂದ ಇಳಿಯುವುದು. ಯಂಕವ್ವ ಬರಿದಾದ ಘಮೇಲಾಗಳ ಸಾಲಿನಲ್ಲಿ ಎಡಗೈಯಿಂದಲೇ ದಾಟಿಸುತ್ತ ನಿಂತಿದ್ದಳು. ಮೇಲಿನಿಂದ ಸಾಹೇಬ ಕೂಗುತ್ತಿದ್ದ, ಕೆಳಗಿನಿಂದ ಮಾನಪ್ಪ ಕೂಗುತ್ತಿದ್ದ, ನಡುವೆ ಸರದಲ್ಲಿದ್ದವರು ಯಾರೂ ತುಟಿ ಬಿಚ್ಚಲಿಲ್ಲ. ಕಬ್ಬಿಣ ಕೈಯಿಂದ ಕೈಗೆ ಹೋಗುವ ಸದ್ದು ಮಾತ್ರ. ಹೊತ್ತು ಮುಳುಗುವ ಮೊದಲು ಕೊನೆಯ ಘಮೇಲಾ ಏರಿತು. ಅಂಚು ಒಣಗಿರಲಿಲ್ಲ. ಸಾಹೇಬ ಅಂಚಿಗೆ ಬೆರಳು ಚುಚ್ಚಿ ನೋಡಿ, ತನ್ನ ಬಿಳಿ ಅಂಗಿಗೇ ಒರೆಸಿಕೊಂಡನಂತೆ.

ಮಷಿನಿಲ್ಲದೆ ಏಳು ಮಹಡಿ ಏರಿಸಿದವರು ಅವರು. ಹಚ್ಚೆಯ ಮುದುಕಿ ಹೋಗುವಾಗ ನನ್ನ ಮೊಣಕೈ ಹಿಡಿದು ಅಲ್ಲಾಡಿಸಿ ಹೋದಳು.

ದಗಡೂ ಬಂದ ಸಂಜೆ

ಸಾಬಣ್ಣ ಬಂದು ಬಾಗಿಲಲ್ಲೇ ನಿಂತು ಹೇಳಿದ. "ನಾಳಿಂದ ಮೇಲಿನ ಕೂಗು ಬ್ಯಾರೆಯವರಿಗೆ ಯಂಕವ್ವ. ಸಾಹೇಬರ ಹುಕುಂ. ಘಮೇಲಾ ಹೊರ್ತಿ ಅಂದ್ರ ಇರು, ಇಲ್ಲಾಂದ್ರ ಅವ್ವನ ಜೊತೀಗಿ ಊರಿಗೆ ಹೋಗು."

ಅವನು ಹೋದ ಮೇಲೆ ನಾನು ಮಗಳಿಗೆ ಹೇಳಿದೆ, "ಕೂಗಿದಾಕಿ ನಾನು ಅಂತ ಯಾಕ ಹೇಳಲಿಲ್ಲ?"

"ಹೇಳಿದ್ರ ಜಾಗಾ ಬಿಟ್ಟು ಹೋಗಿದ್ದಿ ಅಂತಾರ. ಹೇಳಲಿಲ್ಲಂದ್ರ ತಪ್ಪು ಒದರಿದಿ ಅಂತಾರ. ಎರಡರಾಗೂ ಜಾಗಾ ಹೋಗೂದ. ನಿನ್ನ ಯಾಕ ನಡುವ ತರಲಿ?"

ಮಾನಪ್ಪ ಗೋಡೆಗೆ ಒರಗಿ ಕುಳಿತಿದ್ದ. "ಅತ್ತಿ, ತುಂಬಿದ ಬಕೆಟ್ ಇಳಸು ಅಂತ ಯಾಕ ಒದರಿದ್ರಿ?" ಎಂದ.

"ಇಳಸು ಅಂತ ಯಾವಾಗ ಒದ್ರೀನಿ?"

ಅಷ್ಟರಲ್ಲಿ ದಗಡೂ ಬಂದ. ಕೈಯಲ್ಲಿ ಆ ಸಲಿಕೆ. ಅದನ್ನು ನನ್ನ ಮುಂದೆ ನೆಲಕ್ಕೆ ಕುಕ್ಕಿದ. ಅವನು ಮರಾಠಿಯಲ್ಲಿ, ನಾನು ಕನ್ನಡದಲ್ಲಿ, ನಡುವೆ ಮಾನಪ್ಪ.

"ಸಲಿಕಿ ಬಡದು ತಾವು ಸಾಯ್ತಿದ್ರಂತ. ಸಾಸವಡದಾಗ ಅವರಿಗಿ ನಾಕು ಮಕ್ಕಳು ಅದಾವಂತ" ಎಂದ ಮಾನಪ್ಪ.

"ಖಾಲಿ ಇಲ್ಲದಾಗ ಯಾಕ ಇಳಸಿದ್ರಿ ಅಂತ ಕೇಳು."

"ನೀವ ಇಳಸು ಅಂದ್ರಿ ಅಂತಾರ."

"ನಾ ಏನಂದೆ? ಅವರ ಬಾಯಿಂದಾನ ಹೇಳ್ಲಿ."

ದಗಡೂ ಎರಡು ಕೈ ಬಾಯಿಗೆ ಹಚ್ಚಿ ನನ್ನದೇ ರಾಗದಲ್ಲಿ ಕೂಗಿದ, "ಖಾಲೀ ಆಣಾ..! ಖಾಲೀ ಆಣಾ..!"

ನಾನೂ ಕೈ ಹಚ್ಚಿ ಕೂಗಿದೆ, "ಖಾಲಿ ಅಲ್ಲಾ..! ಖಾಲಿ ಅಲ್ಲಾ..!"

ಓಣಿಯ ನಾಯಿಗಳು ಬೊಗಳಿದವು. ಇಬ್ಬರೂ ಇನ್ನೊಮ್ಮೆ ಕೂಗಿದೆವು. ಯಂಕವ್ವ ಎರಡು ಕೈಯಿಂದ ತಲೆ ಹಿಡಿದುಕೊಂಡಳು.

"ಅಯ್ಯ ಯವ್ವಾ! ಅದು ನಮ್ಮ ಖಾಲಿ ಅಲ್ಲ, ಇವರ ಖಾಲಿ. ಇವರ ಮಾತಿನಾಗ ಖಾಲೀ ಅಂದ್ರ ಕೆಳಗ. ಖಾಲೀ ಆಣಾ ಅಂದ್ರ ಕೆಳಗ ತರ್ರಿ ಅಂತ."

"ಇದನ್ನ ಮದ್ಲ ಹೇಳಬೇಕಿತ್ತಲ್ಲ!"

"ಮೂರು ವರ್ಷದಾಗ ಇನ್ನೊಂದು ಖಾಲಿ ಇತ್ತು ಅನ್ನೂದ ಮರತೀನಿ."

ಮಾನಪ್ಪ ಇದನ್ನು ದಗಡೂನಿಗೆ ತಿಳಿಸಲು ಬಹಳ ಹೊತ್ತು ಹಿಡಿಯಿತು. ತಿಳಿದ ಮೇಲೆ ದಗಡೂ ಟೊಪ್ಪಿಗೆ ತೆಗೆದು, ನೆಲದ ಮೇಲೆ ಕುಳಿತು, ಹೊಟ್ಟೆ ಹಿಡಿದು ನಕ್ಕ. ಸಾಯಬೇಕಿದ್ದವನು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ಯಂಕವ್ವ ಕೊಟ್ಟ ಚಹಾ ಕುಡಿದು ಹೋದ. ನಗು ಬಂತು, ನಿಜ. ಆದರೆ ಮಗಳ ಜಾಗ ಬರಲಿಲ್ಲ.

ಮರುದಿನ

ಬೆಳಿಗ್ಗೆ ಎದ್ದವಳೇ ಸಾಹೇಬನ ತಗಡಿನ ಕೋಣೆಯ ಮುಂದೆ ಹೋಗಿ ನಿಂತೆ. ದಗಡೂ ಆಗಲೇ ಬಕೆಟ್ಟು ಬಿಡಿಸಿ, ಹಗ್ಗವನ್ನು ಗಾಲಿಗೆ ಏರಿಸಿದ್ದ. ಸಾಬಣ್ಣನನ್ನು ಕರೆದೆ.

"ಯಕ್ಕಾ, ಸಾಹೇಬರ ಮುಂದ ಜಗಳಾ ತಗೀಬ್ಯಾಡವ್ವ."

"ಜಗಳಾ ಅಲ್ಲ. ನಾ ಹೇಳಿದ್ದು ಹೇಳು. ನಿನ್ನ ಕಡಿಂದ ಮೆತ್ತಗ ಮಾಡಬ್ಯಾಡ."

ಸಾಹೇಬ ಬಂದ. ನಾನು ಹೇಳಿದೆ, "ಒದರಿದಾಕಿ ನಾನು. ನನ್ನ ಮಗಳು ಕೂಸಿಗಿ ಹಾಲು ಕುಡಸಲಾಕ ಕುಂತಿದ್ಲು. ಸಾಹೇಬರ ಅವ್ವನೂ ಒಂದಿನ ಕುಂತಿರಬೇಕು."

ಕೊನೆಯ ಮಾತನ್ನು ಸಾಬಣ್ಣ ನುಂಗಿದ. ನಾನು ಅವನನ್ನು ದುರುಗುಟ್ಟಿ ನೋಡಿದೆ. ಆಗ ಅದನ್ನೂ ಹೇಳಿದ. ಸಾಹೇಬ ನನ್ನ ಕಡೆ ನೋಡಿದ, ಸಿಟ್ಟು ಬಂತೋ ಇಲ್ಲವೋ ತಿಳಿಯಲಿಲ್ಲ. ಖಾಲಿಯ ವಿಷಯವನ್ನೂ ಹೇಳಿಸಿದೆ. ಅವನು ಏನೋ ಗೊಣಗಿದ. "ಎರಡು ಮಾತಿನ ಫರಕು ತಿಳೀಲಾರದಷ್ಟು ದಗಡೂನ ಕಿವಿ ಕೆಟ್ಟದೇನು ಅಂತಾರ" ಎಂದ ಸಾಬಣ್ಣ.

"ಸಾಹೇಬರ ಕಿವೀನೂ ನೋಡೂಣು. ಮಿಕ್ಸರ್ ತಿರಗಲಿ. ಬಕೆಟ್ಟಿನಾಗ ಮರಳು ತುಂಬಿ ಮ್ಯಾಲ ಕಳಸ್ರಿ. ಸುರುವಬೇಕೋ ಬ್ಯಾಡೋ ನಾ ನೋಡ್ಕೋತೀನಿ. ಬರಿದಾದ್ರ ಖಾಲೀ ಆಣಾ ಅಂತೀನಿ, ತುಂಬಿದ್ರ ಖಾಲಿ ಅಲ್ಲ ಅಂತೀನಿ. ಯಾವದು ಅಂತ ಮದ್ಲ ಹೇಳೂದಿಲ್ಲ. ಹಿಡಿಕಿ ದಗಡೂನ ಕೈಯಾಗ ಬ್ಯಾಡ, ಸಾಹೇಬರ ಕೈಯಾಗ ಇರಲಿ."

ದಗಡೂ ಮೀಸೆಯ ಒಳಗೆ ನಗುತ್ತಿದ್ದ. ಸಾಹೇಬ ತೋಳು ಮಡಚಿದ.

ನಾನು ಹತ್ತಿದೆ. ತುದಿಯಲ್ಲಿ ನಿನ್ನೆಯ ಸ್ಲ್ಯಾಬು ಬೆಳ್ಳಗೆ ಗಟ್ಟಿಯಾಗಿತ್ತು. ಹೆಂಗಸರು ಅದರ ಮೇಲೆ ಮಣ್ಣಿನ ಸಣ್ಣ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತಿದ್ದರು, ಕೆರೆ ಕೆಳಗಿನ ಭತ್ತದ ಮಡಿಯ ಹಾಗೆ. ಏಳು ಮಹಡಿಯ ಮೇಲೆ ಗದ್ದೆ! ಹಸಿ ಇದ್ದಾಗ ಬೇಗ, ಗಟ್ಟಿಯಾದ ಮೇಲೆ ನೀರು. ಅವರ ವಿದ್ಯೆಗೆ ತಲೆ ಬಾಗಬೇಕು.

ಬಕೆಟ್ಟು ಬಂತು. ಈ ಸಲ ಅದು ಬಾಗದಂತೆ ಕೊಂಡಿ ಸಿಕ್ಕಿಸು ಎಂದು ಅಲ್ಲಿದ್ದ ಆಳಿಗೆ ಹೇಳಿ, ಎಲ್ಲರನ್ನೂ ದೂರ ಸರಿಸಿದೆ. ಮರಳು ತುಂಬಿ ತುಳುಕುತ್ತಿತ್ತು. ಉಸಿರು ತೆಗೆದುಕೊಂಡು ನಿನ್ನೆಯ ಹಾಗೆಯೇ ಒದರಿದೆ.

"ಖಾಲಿ ಅಲ್ಲಾ..!"

ಹಗ್ಗ ಒಮ್ಮೆ ಕಂಪಿಸಿತು. ನಿಂತಿತು. ಇವನ ಕಿವಿ ಚುರುಕು, ಮಗಳ ಜಾಗ ಹೋಯಿತು ಎಂದುಕೊಂಡೆ. ಮತ್ತೆ ಒದರಿದೆ. ಹಗ್ಗ ಜಾರಿತು. ತುಂಬಿದ ಬಕೆಟ್ಟು ನನ್ನ ಕಣ್ಣ ಮುಂದೆ ಮೆಲ್ಲಗೆ ಇಳಿದು ಹೋಯಿತು.

ಅಂಚಿನಿಂದ ಬಗ್ಗಿ ನೋಡಿದೆ. ಸಾಹೇಬ ಮಷಿನು ಬಿಟ್ಟು ಬಕೆಟ್ಟಿನ ಹತ್ತಿರ ಬಂದು ಒಳಗೆ ಕೈ ಹಾಕಿದ. ಒಂದು ಮುಷ್ಟಿ ಮರಳು ತೆಗೆದು, ಅದನ್ನು ನೋಡಿ, ತಲೆ ಎತ್ತಿ ನನ್ನನ್ನು ನೋಡಿದ. ಅಷ್ಟು ದೂರದಿಂದ ಅವನ ಮುಖ ಕಾಣಲಿಲ್ಲ. ದಗಡೂ ಟೊಪ್ಪಿಗೆ ತೆಗೆದದ್ದು ಕಂಡಿತು. ಸ್ವಲ್ಪ ಹೊತ್ತಿನ ಮೇಲೆ ಸಾಬಣ್ಣ ಬಾಯಿಗೆ ಕೈ ಹಚ್ಚಿ ಕೂಗಿದ.

"ಯಕ್ಕಾ! ಇನ್ನ ಯಾರೂ ಒದರೂದು ಬ್ಯಾಡಂತ! ಗಂಟಿ ಕಟ್ಟಸ್ತಾರಂತ, ಮ್ಯಾಲಿಂದ ಹಗ್ಗಾ ಜಗ್ಗೂದು! ಜಗ್ಗಾಕ ಯಂಕವ್ವನ್ನ ಮ್ಯಾಲ ಕಳಸ್ತೀವಿ!"

ಯಂಕವ್ವ ಕೂಸನ್ನು ಎತ್ತಿಕೊಂಡೇ ಹತ್ತಿ ಬಂದಳು. ಅವಳು ತನ್ನ ಜಾಗದಲ್ಲಿ ನಿಂತು ಸೆರಗು ಬಿಗಿದುಕೊಂಡಳು. ನಾನು ಕೂಸನ್ನು ಇಸಿದುಕೊಂಡು ಮೆಟ್ಟಿಲು ಇಳಿದೆ.